ಅಕ್ಷರದ ಜಾಡು

ಕೋಲಾರದ ಚಿನ್ನದ ಗಣಿಗಳ ಪೈಕಿ ಮೈಸೂರು ಗಣಿ ಬಹು ಹೆಸರಾದುದು. ಅದನ್ನು ನಡೆಸಿದ ಸಂಸ್ಥೆ 1880ರಲ್ಲಿ ಸ್ಥಾಪಿತವಾಯಿತು. ಮೊದಲ ಕೆಲವು ವರ್ಷ ಎಷ್ಟು ತೋಡಿದರೂ ಲಾಭ ಕಾಣಲಿಲ್ಲ. ಬಂಡವಾಳ ಕರಗುತ್ತ ಬಂದು ಕೆಲಸವನ್ನೇ ಕೈಬಿಡುವ ಮಾತೂ ಎದ್ದಿತು. ಆಗ ಕ್ಯಾಪ್ಟನ್ ಪ್ಲಮರ್ ಎಂಬ ಗಣಿಯ ಅಧಿಕಾರಿ, ಪೂರ್ವಕಾಲದ ಜನರು ತೋಡಿ ಬಿಟ್ಟಿದ್ದ ಕುಳಿಗಳ ಜಾಡು ಹಿಡಿದು ಆಳಕ್ಕೆ ಇಳಿಸಿದನು. ಚಾಂಪಿಯನ್ ಲೋಡ್ ಎಂಬ ಸಮೃದ್ಧವಾದ ಚಿನ್ನದ ಪದರ ಅಲ್ಲಿ ದೊರೆಯಿತು. ಕಂಡಲ್ಲೆಲ್ಲ ತೋಡುವುದಕ್ಕೂ ಜಾಡು ಅರಿತು ತೋಡುವುದಕ್ಕೂ ಇರುವ ಅಂತರ ಇದು.

ಪದಗಳ ಆಟದಲ್ಲಿಯೂ ಇದೇ ಅಂತರವನ್ನು ಕಾಣಬಹುದು. ಪದಬಂಧವೆಂಬ ಆಟ ಎಲ್ಲರಿಗೂ ಪರಿಚಿತವಾದುದು. ನ್ಯೂಯಾರ್ಕಿನ ಪತ್ರಿಕೆಯೊಂದರಲ್ಲಿ ಆರ್ಥರ್ ವಿನ್ ಎಂಬಾತನು 1913ರ ಡಿಸೆಂಬರ್ 21ರಂದು ಇದರ ಮೊದಲ ರೂಪವನ್ನು ಪ್ರಕಟಿಸಿದನು. ಅಲ್ಲಿಂದ ಹರಡಿದ ಈ ಆಟ ಕನ್ನಡ ಪತ್ರಿಕೆಗಳಲ್ಲಿಯೂ ನೆಲೆಯೂರಿತು. ‘ಮೂರು ಮನೆಗಳ ಪದ, ನಡುವಿನ ಅಕ್ಷರ ಗ’ ಎಂದೊಡನೆ ಒಬ್ಬನು ಬಾಯಿಗೆ ಬಂದ ಪದಗಳನ್ನೆಲ್ಲ ಒಂದೊಂದಾಗಿ ಪರೀಕ್ಷಿಸುತ್ತಾನೆ. ಇನ್ನೊಬ್ಬನು ಕ್ಷಣಕಾಲ ಯೋಚಿಸಿ ‘ಹಗಲು’, ‘ಮಗಳು’ ಎನ್ನುತ್ತಾನೆ. ಎರಡನೆಯವನಿಗೆ ಅಕ್ಷರದ ಜಾಡು ತಿಳಿದಿದೆ.

ಆದರೆ ಅಕ್ಷರ ಎಂದರೆ ಯಾವುದು? ಇಂಗ್ಲಿಷಿನಲ್ಲಿ ಇಪ್ಪತ್ತಾರು ಅಕ್ಷರಗಳು. ಒಂದು ಮನೆಗೆ ಒಂದು. ಕನ್ನಡ ವರ್ಣಮಾಲೆಯಲ್ಲಿ ಹದಿಮೂರು ಸ್ವರಗಳು, ಎರಡು ಯೋಗವಾಹಗಳು, ಮೂವತ್ತನಾಲ್ಕು ವ್ಯಂಜನಗಳು, ಒಟ್ಟು ನಲವತ್ತೊಂಬತ್ತು ವರ್ಣಗಳಿವೆ. ಆದರೆ ವ್ಯಂಜನವು ಸ್ವರದೊಡನೆ ಕೂಡಿದಾಗಲೇ ಬರವಣಿಗೆಯ ಅಕ್ಷರವಾಗುತ್ತದೆ. ಮೂವತ್ತನಾಲ್ಕು ವ್ಯಂಜನಗಳು ಹದಿಮೂರು ಸ್ವರಗಳೊಡನೆ ಕೂಡಿದರೆ 442 ಗುಣಿತಾಕ್ಷರಗಳಾಗುತ್ತವೆ, ಒತ್ತಕ್ಷರಗಳು ಬೇರೆ. ‘ಬಂಗಾರಪೇಟೆ’ ಎಂಬ ಊರಿನ ಹೆಸರು ಪದಬಂಧದಲ್ಲಿ ಐದೇ ಮನೆಗಳನ್ನು ತುಂಬುತ್ತದೆ: ಬಂ, ಗಾ, ರ, ಪೇ, ಟೆ. ಅದನ್ನು ಬಿಡಿಸಿದರೆ ಹನ್ನೊಂದು ವರ್ಣಗಳು ದೊರೆಯುತ್ತವೆ. ಆದುದರಿಂದ ಆಟಕ್ಕೆ ಮೊದಲು, ಹುಡುಕಬೇಕಾದುದು ‘ಗ’ ಎಂಬ ಅಕ್ಷರವನ್ನೋ ‘ಗಾ’, ‘ಗಿ’, ‘ಗು’ಗಳಲ್ಲಿಯೂ ಅಡಗಿರುವ ಗಕಾರವನ್ನೋ ಎಂಬುದು ನಿಶ್ಚಯವಾಗಬೇಕು.

ನಿಘಂಟು ಇಲ್ಲಿ ಅರ್ಧ ದಾರಿಗೆ ಮಾತ್ರ ನೆರವಾಗುತ್ತದೆ. ಅದು ಪದಗಳನ್ನು ಮೊದಲ ಅಕ್ಷರದಿಂದ ಆರಂಭಿಸಿ ಅಕಾರಾದಿಯಾಗಿ ಜೋಡಿಸುತ್ತದೆ. ನಡುವಿನ ಅಥವಾ ಕೊನೆಯ ಅಕ್ಷರ ಮಾತ್ರ ಗೊತ್ತಿದ್ದವನಿಗೆ ಅದರಲ್ಲಿ ಬಾಗಿಲಿಲ್ಲ. ಅವನಿಗೆ ಭಾಷೆಯ ಸ್ವಭಾವವೇ ದಾರಿದೀಪ. ಖ, ಘ, ಥ, ಧ, ಭ ಮೊದಲಾದ ಮಹಾಪ್ರಾಣಗಳು ಬಹುಮಟ್ಟಿಗೆ ಸಂಸ್ಕೃತದಿಂದ ಬಂದ ಪದಗಳಲ್ಲಿ ನೆಲೆಸಿವೆ: ಮುಖ, ಮೇಘ, ರಥ, ಧನ, ಸಭೆ. ಖಜಾನೆ, ಫಸಲು ಮುಂತಾದವು ಅರಬ್ಬಿ ಪಾರಸಿಗಳಿಂದ ಆಡಳಿತದ ಮೂಲಕ ಬಂದವು. ಅಚ್ಚಗನ್ನಡ ಪದಗಳು ಣಕಾರ ಳಕಾರಗಳಿಂದ ಆರಂಭವಾಗುವುದಿಲ್ಲ. ಹಣ, ಕಣ್ಣು, ಹಳ್ಳಿ, ಕಾಳುಗಳಂತೆ ಅವು ಪದದ ಒಳಗೆ ಸೇರಿಕೊಂಡಿರುತ್ತವೆ. ಹಳಗನ್ನಡದಲ್ಲಿ ‘ಕಾಲ್’, ‘ಪಾಲ್’ ಎಂದು ವ್ಯಂಜನದಲ್ಲಿ ಮುಗಿಯುತ್ತಿದ್ದ ಪದಗಳು ಇಂದು ‘ಕಾಲು’, ‘ಹಾಲು’ ಎಂದು ಸ್ವರದಲ್ಲಿ ಮುಗಿಯುತ್ತವೆ. ಪದದ ಆದಿಯ ಪಕಾರ ಹಕಾರವಾದುದೂ ಇಲ್ಲಿಯೇ ಕಾಣುತ್ತದೆ. ಇಷ್ಟನ್ನು ಅರಿತವನು ನೂರು ಪದಗಳನ್ನು ಹುಡುಕುವ ಬದಲು ಹತ್ತು ಪದಗಳಲ್ಲಿಯೇ ಬೇಕಾದುದನ್ನು ಕಾಣುತ್ತಾನೆ.

ಅಕ್ಷರಕ್ಕಾಗಿ ಪದವನ್ನು ಹುಡುಕುವ ಕೆಲಸ ಪದಬಂಧಕ್ಕಿಂತ ಎಷ್ಟೋ ಹಳೆಯದು. ಪ್ರಾಚೀನ ಕನ್ನಡ ಕವಿಗೆ ಅದು ನಿತ್ಯದ ಹೊಣೆಯಾಗಿತ್ತು. ಪದ್ಯದ ಪ್ರತಿಯೊಂದು ಪಾದದ ಎರಡನೆಯ ಅಕ್ಷರದಲ್ಲಿ ಒಂದೇ ವ್ಯಂಜನ ಬರಬೇಕು, ಸ್ವರ ಬೇರೆಯಾಗಬಹುದು. ಇದೇ ದ್ವಿತೀಯಾಕ್ಷರ ಪ್ರಾಸ. ಒಂದು ಪಾದ ‘ನಗು’ವಿನಿಂದ ಆರಂಭವಾದರೆ ಉಳಿದ ಪಾದಗಳಿಗೆ ‘ಹಗಲು’, ‘ಬಿಗಿ’, ‘ಮಗಳು’ ಮುಂತಾದವು ಒದಗಬೇಕು. ಅರ್ಥ ಕೆಡದಂತೆ ಅಕ್ಷರ ಹೊಂದಿಸುವುದು ಸುಲಭವಲ್ಲ. ಅಕ್ಷರಕ್ಕಾಗಿ ಅರ್ಥವನ್ನೇ ಬಾಗಿಸಬೇಕಾಗಿ ಬಂದಾಗ ಪ್ರಾಸವು ಬಂಧನವಾಯಿತು. ಇಂದಿನ ಕಾಸರಗೋಡು ಜಿಲ್ಲೆಗೆ ಸೇರಿದ ಮಂಜೇಶ್ವರದ ಎಂ. ಗೋವಿಂದ ಪೈಗಳು 1911ರಲ್ಲಿ ಪ್ರಾಸವನ್ನು ತೊರೆದು ಪದ್ಯ ರಚಿಸಿದುದು ಈ ಬಂಧನದಿಂದ ಬಿಡಿಸಿಕೊಳ್ಳುವುದಕ್ಕಾಗಿಯೇ.

ಆದರೆ ಅಕ್ಷರದ ಈ ಕಟ್ಟುನಿಟ್ಟು ಭಾಷೆಗೆ ಒಂದು ದೊಡ್ಡ ಉಪಕಾರವನ್ನೂ ಮಾಡಿತು. ಹಳಗನ್ನಡದಲ್ಲಿ ೞ ಎಂಬ ಅಕ್ಷರವೊಂದಿತ್ತು. ಅದರ ಉಚ್ಚಾರಣೆ ಳಕಾರದಿಂದ ಬೇರೆ. ‘ಬಾೞ್’ ಎಂದರೆ ಜೀವಿಸು. ‘ಬಾಳ್’ ಎಂದರೆ ಕತ್ತಿ. ಕಾಲಕ್ರಮದಲ್ಲಿ ಜನರ ಬಾಯಲ್ಲಿ ಇವೆರಡೂ ಬೆರೆತುಹೋಗತೊಡಗಿದವು. ಪ್ರಾಸದಲ್ಲಿ ಇವನ್ನು ಬೆರೆಸುವುದು ದೋಷವೆಂದು ಹಿಂದಿನವರು ಎಣಿಸಿದ್ದರು. ಹಾಗಾದರೆ ಯಾವ ಪದದಲ್ಲಿ ಯಾವ ಅಕ್ಷರವಿದೆಯೆಂದು ತಿಳಿಯುವುದು ಹೇಗೆ? ಹದಿಮೂರನೆಯ ಶತಮಾನದಲ್ಲಿ ‘ಶಬ್ದಮಣಿದರ್ಪಣ’ವೆಂಬ ವ್ಯಾಕರಣವನ್ನು ಬರೆದ ಕೇಶಿರಾಜನು ೞಕಾರವುಳ್ಳ ಪದಗಳನ್ನು ಹುಡುಕಿ ಪಟ್ಟಿಮಾಡಿಕೊಟ್ಟನು. ಮುಂದೆ ಆ ಅಕ್ಷರ ಬಳಕೆಯಿಂದ ಮರೆಯಾಗಿ ಅದರ ಸ್ಥಾನದಲ್ಲಿ ಳಕಾರವೇ ನಿಂತಿತು. ಇಂದು ಬದುಕಿಗೂ ‘ಬಾಳು’, ಕತ್ತಿಗೂ ‘ಬಾಳು’. ಅಕ್ಷರ ಅಳಿದರೂ ಅದರ ನೆನಪು ಅಳಿಯದಂತೆ ಕಾಪಾಡಿದವುಗಳಲ್ಲಿ ಆ ಪಟ್ಟಿಯೂ ಒಂದು.

ಅಳಿದ ಆ ಅಕ್ಷರದ ಜಾಡು ಚಿನ್ನದ ಗಣಿಯ ಬೀದಿಗಳಲ್ಲಿ ಇನ್ನೂ ಕೇಳಿಬರುತ್ತದೆ. ಗಣಿಯ ಕೆಲಸಕ್ಕಾಗಿ ತಮಿಳು, ತೆಲುಗು ಸೀಮೆಗಳಿಂದ ಬಂದ ಕುಟುಂಬಗಳು ಅಲ್ಲಿ ತಲೆಮಾರುಗಳಿಂದ ನೆಲೆಸಿವೆ. ತಮಿಳಿನಲ್ಲಿ ೞಕಾರ ಇಂದಿಗೂ ಉಳಿದಿದೆ. ಶಾಲೆಯಲ್ಲಿ ಮಳೆ, ಕೋಳಿ, ಏಳು ಎಂದು ಕನ್ನಡ ಬರೆಯುವ ಬಾಲಕನ ಮನೆಯ ಮಾತಿನಲ್ಲಿ ಅವು ‘ಮೞೈ’, ‘ಕೋೞಿ’, ‘ಏೞು’. ಅವನ ಮನೆಯಲ್ಲಿ ಹಾಲು ‘ಪಾಲ್’, ಹುಲಿ ‘ಪುಲಿ’. ಎರಡು ಭಾಷೆಗಳ ನಡುವೆ ಬೆಳೆಯುವುದನ್ನು ತೊಡಕೆಂದು ಎಣಿಸುವವರುಂಟು. ಆದರೆ ಹಳಗನ್ನಡದ ಪದವನ್ನು ಗುರುತಿಸುವಾಗ ಆ ಬಾಲಕನಿಗೆ ತನ್ನ ಮನೆಯ ಮಾತೇ ಸಹಾಯಕ್ಕೆ ಬರುತ್ತದೆ.

ಇಂದು ಗಣಕಯಂತ್ರವು ಬೇಕಾದ ಅಕ್ಷರವುಳ್ಳ ಪದಗಳನ್ನು ಕ್ಷಣಾರ್ಧದಲ್ಲಿ ಹೆಕ್ಕಿ ಕೊಡುತ್ತದೆ. ಅದು ಪಟ್ಟಿಯನ್ನು ಕೊಟ್ಟೀತು. ಆ ಅಕ್ಷರ ಅಲ್ಲಿ ಏಕಿದೆ, ಎಲ್ಲಿಂದ ಬಂದಿತು ಎಂಬುದನ್ನು ಹುಡುಕುವವನೇ ಅರಿಯಬೇಕು. ಕೋಲಾರದ ಗಣಿಗಳು 2001ರಲ್ಲಿ ಮುಚ್ಚಿದವು. ಒಂದು ಟನ್ ಅದಿರಿನಿಂದ ಕೆಲವೇ ಗ್ರಾಂ ಚಿನ್ನ ದೊರೆಯುವ ಸ್ಥಿತಿ ಬಂದಿತ್ತು. ತೋಡಿದಷ್ಟೂ ಭೂಮಿಯ ಚಿನ್ನ ಕಡಿಮೆಯಾಗುತ್ತದೆ. ಪದಗಳ ನಿಧಿಯಾದರೋ ಹುಡುಕಿದವನ ನಾಲಗೆಯಲ್ಲಿ ಸೇರಿ ಹೆಚ್ಚುತ್ತದೆ. ಹುಡುಕುವವರಿಲ್ಲದೆ ಹೋದಾಗ ಮಾತ್ರ ೞಕಾರದಂತೆ ಮರೆಯಾಗುತ್ತದೆ.