ತಳದ ಪೆಟ್ಟಿಗೆಯ ತಾಪತ್ರಯ

ಅಟ್ಟದಲ್ಲಿ ಒಂದರ ಮೇಲೊಂದು ಮೂರು ಟ್ರಂಕುಗಳಿವೆ ಎನ್ನಿ. ಬೇಕಾದ ಕಾಗದಪತ್ರ ಇರುವುದು ಯಾವಾಗಲೂ ತಳದ ಟ್ರಂಕಿನಲ್ಲೇ! ಮೇಲಿನ ಎರಡನ್ನು ಇಳಿಸಬೇಕು, ಮತ್ತೆ ಏರಿಸಬೇಕು. ಬಂದರುಗಳ ಕಂಟೇನರ್ ಅಂಗಳದಲ್ಲಿ ನಡೆಯುವುದೂ ಇದೇ. ಆದರೆ ಅಲ್ಲಿನ 'ಟ್ರಂಕು' 20 ಅಥವಾ 40 ಅಡಿ ಉದ್ದದ್ದು. ಚಿಕ್ಕದೇ ಖಾಲಿಯಿದ್ದಾಗ ಎರಡು ಟನ್ನಿಗೂ ಹೆಚ್ಚು ತೂಗುತ್ತದೆ.

1956ರ ಏಪ್ರಿಲ್ 26ರಂದು ಅಮೆರಿಕದ ಮಾಲ್ಕಮ್ ಮೆಕ್ಲೀನ್ ಅವರ 'ಐಡಿಯಲ್ ಎಕ್ಸ್' ಹಡಗು ನೆವಾರ್ಕ್‌ನಿಂದ ಹೂಸ್ಟನ್‌ಗೆ ಹೊರಟಾಗ ಅದರಲ್ಲಿದ್ದುದು 58 ಪೆಟ್ಟಿಗೆ. ಇಂದಿನ ಅತಿ ದೊಡ್ಡ ಹಡಗುಗಳು, 20 ಅಡಿಯ ಲೆಕ್ಕದಲ್ಲಿ, 20,000ಕ್ಕೂ ಹೆಚ್ಚು ಹೊರುತ್ತವೆ. ಇಷ್ಟನ್ನೂ ನೆಲದ ಮೇಲೆ ಹರಡಲು ಜಾಗವೆಲ್ಲಿ? ಅದಕ್ಕೇ ನಾಲ್ಕೈದು ಪೆಟ್ಟಿಗೆಯೆತ್ತರ ಪೇರಿಸುತ್ತಾರೆ. ಕ್ರೇನಿಗೆ ಸಿಗುವುದು ಮೇಲಿನದು ಮಾತ್ರ. ಅಡಿಯದು ಬೇಕಾದರೆ ಮೇಲಿನವನ್ನು ಪಕ್ಕದ ರಾಶಿಗೆ ಸರಿಸಬೇಕು. ಈ ಎತ್ತಾಟದಲ್ಲಿ ಇಂಧನವೂ ದಂಡ, ವೇಳೆಯೂ ದಂಡ. ಅತ್ತ ಹಡಗು ಕಾಯುತ್ತಿರುತ್ತದೆ.

ರಫ್ತಿನ ಪೆಟ್ಟಿಗೆಗಳಲ್ಲಿ ಇನ್ನೂ ಒಂದು ಸ್ವಾರಸ್ಯವಿದೆ. ಅಂಗಳದ ರಾಶಿಯಲ್ಲಿ ಭಾರದ ಪೆಟ್ಟಿಗೆ ಎಲ್ಲಿರಬೇಕು? ತಳದಲ್ಲಿ ಎಂದೇ ಹೆಚ್ಚಿನವರು ಹೇಳಿಯಾರು. ವಾಸ್ತವವಾಗಿ ಅದು ಮೇಲಿದ್ದರೇ ಅನುಕೂಲ. ಅಲೆಗೆ ವಾಲಿದ ಹಡಗು ಮಗುಚದೆ ನೇರವಾಗಬೇಕಾದರೆ ಅದರ ಗುರುತ್ವ ಕೇಂದ್ರ ಕೆಳಗಿರಬೇಕು. ಹಾಗಾಗಿ ಭಾರದವು ಹಡಗಿನ ತಳ ಸೇರಬೇಕು, ಅಂದರೆ ಮೊದಲು ಏರಬೇಕು. ಮೊದಲು ಬೇಕಾದದ್ದು ಅಂಗಳದಲ್ಲಿ ಮೇಲಿರಬೇಕಲ್ಲವೇ? ಮೂಲೆಗಳ ಉಕ್ಕಿನ ಕಂಬಗಳೇ ಭಾರ ಹೊರುವುದರಿಂದ ಕೆಳಗಿನ ಪೆಟ್ಟಿಗೆ ಜಜ್ಜಿಹೋಗುವ ಭಯವಿಲ್ಲ.

ತೊಡಕೆಂದರೆ, ಲಾರಿಗಳು ತೂಕದ ಕ್ರಮದಲ್ಲಿ ಬರುವುದಿಲ್ಲ. ಭಾರದ್ದೇ ಮೊದಲು ಬಂದರೆ ಇಡುವುದೆಲ್ಲಿ? ದಕ್ಷಿಣ ಕೊರಿಯಾದ ಬಂದರು ನಗರ ಬೂಸಾನ್‌ನ ರಾಷ್ಟ್ರೀಯ ವಿಶ್ವವಿದ್ಯಾಲಯದ ಕಪ್ ಹ್ವಾನ್ ಕಿಮ್ ಮತ್ತು ಸಂಗಡಿಗರು 2000ದಲ್ಲಿ ಇದಕ್ಕೆ ಸಂಭವನೀಯತೆಯ ಗಣಿತ ಹಚ್ಚಿದರು. ಇನ್ನು ಬರಲಿರುವವುಗಳ ತೂಕವನ್ನು ಅಂದಾಜಿಸಿ, ಈಗಿನದನ್ನು ಯಾವ ರಾಶಿಯಲ್ಲಿಟ್ಟರೆ ಮುಂದಿನ ಎತ್ತಾಟ ಕಡಿಮೆಯಾದೀತು ಎಂಬುದಕ್ಕೆ ನಿಯಮಗಳನ್ನು ಕಟ್ಟಿದರು.

ಸರಿಸಲೇಬೇಕಾಗಿ ಬಂದರೆ? ಬೆಂಕಿಪೊಟ್ಟಣಗಳಲ್ಲಿ ಆಡಿ ನೋಡಬಹುದು. ಹೊರಡುವ ಸರದಿಯ ಸಂಖ್ಯೆಯನ್ನು ಒಂದೊಂದರ ಮೇಲೂ ಬರೆಯಿರಿ. 1ರ ಮೇಲೆ 3 ಕೂತಿದೆ, ಪಕ್ಕದ ರಾಶಿಗಳಲ್ಲಿ 2 ಮತ್ತು 4 ಇವೆ, ಬೇರೆ ಜಾಗವಿಲ್ಲ. 1ನ್ನು ತೆಗೆಯಲು 3ನ್ನು 2ರ ಮೇಲಿಟ್ಟಿರೋ, ಮತ್ತೆ ಎತ್ತಬೇಕಾಗುತ್ತದೆ. 4ರ ಮೇಲಿಟ್ಟರೆ ಆ ಕಷ್ಟವಿಲ್ಲ. ಮೂರು ರಾಶಿಗೆ ಇದು ಬಾಯಿಲೆಕ್ಕ. ಆದರೆ ರಾಶಿಗಳು ಹೆಚ್ಚಿದಂತೆ ಸಾಧ್ಯತೆಗಳು ಬೆಟ್ಟದಂತೆ ಬೆಳೆಯುತ್ತವೆ. ಅತ್ಯುತ್ತಮ ಉತ್ತರ ಹುಡುಕುವುದು ಕಂಪ್ಯೂಟರಿಗೂ ದುಸ್ತರವಾಗುವ ಲೆಕ್ಕಗಳ ಗುಂಪಿಗೇ ಇದು ಸೇರಿದ್ದೆಂದು 2012ರಲ್ಲಿ ಹ್ಯಾಂಬರ್ಗ್ ವಿಶ್ವವಿದ್ಯಾಲಯದ ಸ್ಟೆಫಾನ್ ಫಾಸ್ ಅವರಿದ್ದ ತಂಡ ಸಾಧಿಸಿ ತೋರಿಸಿತು. ಸಾಲದ್ದಕ್ಕೆ, ಆಮದಿನ ಪೆಟ್ಟಿಗೆ ಒಯ್ಯುವ ಲಾರಿ ಯಾವ ಗಳಿಗೆಗೆ ಬಂದೀತೆಂಬುದೂ ಅಂದಾಜೇ. ಹಾಗಾಗಿ ಬಂದರುಗಳು 'ಸಾಕಷ್ಟು ಒಳ್ಳೆಯ' ಉತ್ತರಕ್ಕೆ ತೃಪ್ತಿಪಡುತ್ತವೆ.

ದುಬೈನ ಜೆಬೆಲ್ ಅಲಿ ಬಂದರಿನಲ್ಲಿ 2021ರಲ್ಲಿ ಪರೀಕ್ಷಿಸಿದ 'ಬಾಕ್ಸ್‌ಬೇ' ವ್ಯವಸ್ಥೆ ಪೇರಿಸುವ ಗೋಜನ್ನೇ ಬಿಟ್ಟಿದೆ. 11 ಅಂತಸ್ತಿನವರೆಗೆ ಏರಬಲ್ಲ ಉಕ್ಕಿನ ಕಪಾಟು, ಪೆಟ್ಟಿಗೆಗೊಂದು ಗೂಡು. ಯಾವುದನ್ನು ಬೇಕಾದರೂ ನೇರವಾಗಿ ಎಳೆದುಕೊಳ್ಳಬಹುದು. ಆದರೆ ಬರಿಯ ನೆಲ ಸಾಕಾಗಿದ್ದ ಕಡೆ ಅಷ್ಟು ದೊಡ್ಡ ಕಪಾಟು ಕಟ್ಟಿಸುವ ಖರ್ಚು ಬೇರೆ.