ಶಿಲೆಯಿಂದ ಫಲಕಕ್ಕೆ

ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯ ಕೇದಾರೇಶ್ವರ, ತ್ರಿಪುರಾಂತಕೇಶ್ವರ ದೇವಾಲಯಗಳ ಶಿಲ್ಪವನ್ನೂ, 1047ರಲ್ಲಿ ಮಹಾಮಂಡಲೇಶ್ವರ ಚಾವುಂಡರಾಯನು ನಿಲ್ಲಿಸಿದ ಗಂಡಭೇರುಂಡಸ್ತಂಭವನ್ನೂ, ಸುತ್ತಣ ಶಾಸನಗಳನ್ನೂ ದೂರದ ನಗರದ ವಸ್ತುಪ್ರದರ್ಶನದ ಮಳಿಗೆಯೊಂದರಲ್ಲಿ ಆಳೆತ್ತರವನ್ನೂ ಮೀರಿದ ಫಲಕಗಳಾಗಿ ತೋರಿಸಬೇಕಾದರೆ, ಮುದ್ರಣಯಂತ್ರಕ್ಕೆ ಒಪ್ಪಿಸುವ ಫೈಲು ಮೊದಲು ಸಿದ್ಧವಾಗಬೇಕು. ಆ ಸಿದ್ಧತೆಯ ಶ್ರಮವು ಪ್ರೇಕ್ಷಕನಿಗೆ ಅಗೋಚರವಾದುದು.

ಶಾಸನದ ಮಟ್ಟಿಗೆ ಛಾಯಾಚಿತ್ರಕ್ಕಿಂತ ಪಡಿಯಚ್ಚೇ ಶ್ರೇಷ್ಠವೆಂದು ನನ್ನ ಅಭಿಮತ. ತೊಳೆದ ಕಲ್ಲಿನ ಮೇಲೆ ಒದ್ದೆ ಕಾಗದವನ್ನು ಹಾಸಿ, ಕುಂಚದಿಂದ ಬಡಿದು ಅಕ್ಷರಗಳ ಕುಳಿಗೆ ಇಳಿಸಿ, ಮೇಲೆ ಮಸಿ ತಟ್ಟಿದಾಗ ಕಪ್ಪು ನೆಲದಲ್ಲಿ ಅಕ್ಷರಗಳು ಬೆಳ್ಳಗೆ ಉಳಿಯುವುವು. ಬಳ್ಳಿಗಾವಿಯವೂ ಸೇರಿದಂತೆ ಶಿಕಾರಿಪುರ ತಾಲ್ಲೂಕಿನ ಶಾಸನಗಳ ಪಾಠವನ್ನು ಬಿ. ಎಲ್. ರೈಸರು 1902ರಲ್ಲೇ ‘ಎಪಿಗ್ರಾಫಿಯ ಕರ್ನಾಟಿಕ’ದ 7ನೆಯ ಸಂಪುಟದಲ್ಲಿ ಪ್ರಕಟಿಸಿರುವುದರಿಂದ, ಚಿತ್ರದ ಕೆಳಗಿನ ವಿವರಣೆಗೆ ಬಡತನವಿಲ್ಲ.

ಇನ್ನು ಫಲಕದ 8 ಅಡಿಯ ಎತ್ತರವನ್ನು ಅಂಗುಲಕ್ಕೆ 100 ಬಿಂದುಗಳಂತೆ ಮುದ್ರಿಸಲು 9,600 ಬಿಂದುಗಳು ಬೇಕು. ನಾಲ್ಕಾರು ಅಡಿ ದೂರ ನಿಂತು ನೋಡುವ ಫಲಕಕ್ಕೆ ಇಷ್ಟು ಧಾರಾಳ; ಪುಸ್ತಕಕ್ಕೆ ರೂಢಿಯಾದ 300ರ ಹಟವು ಇಲ್ಲಿ ಫೈಲನ್ನು ಭಾರಗೊಳಿಸುವುದಲ್ಲದೆ ಹೆಚ್ಚೇನನ್ನೂ ಸಾಧಿಸದು. ಕತ್ತರಿಸುವಾಗ ಬಿಳಿಯಂಚು ಉಳಿಯದಂತೆ ಚಿತ್ರವನ್ನು ಅಂಚಿನಾಚೆಗೂ ಹಬ್ಬಿಸಬೇಕು. ಪರದೆಯಲ್ಲಿ ಬೆಳಕಿನಿಂದ ಮೂಡಿದ ಬಣ್ಣವು ನಾಲ್ಕು ಮಸಿಗಳ ಮುದ್ರಣದಲ್ಲಿ ಹಾಗೆಯೇ ಬಾರದು. ಕಲ್ಲಿನ ಸೂಕ್ಷ್ಮವಾದ ಬೂದುಬಣ್ಣವಂತೂ ಸುಲಭವಾಗಿ ಕೆಡುವುದರಿಂದ, ಒಂದು ತುಂಡನ್ನು ಪೂರ್ಣಪ್ರಮಾಣದಲ್ಲಿ ಮುದ್ರಿಸಿ ಪರೀಕ್ಷಿಸುವುದು ಯುಕ್ತ.

ಕನ್ನಡಕ್ಕೆ ವಿಶೇಷವಾದ ಸಂಕಟವು ಒತ್ತಕ್ಷರಗಳದು: ಸರಿಯಾದ ಫಾಂಟು ಇಲ್ಲದ ಯಂತ್ರದಲ್ಲಿ ತೆರೆದೊಡನೆ ಬಳ್ಳಿಗಾವಿಯ ವಚನಕಾರ ಅಲ್ಲಮನ ಹೆಸರಿನ ಒತ್ತೇ ಕಳಚಿ ಪಕ್ಕಕ್ಕೆ ಬೀಳಬಹುದು! ಆದುದರಿಂದ ಒಪ್ಪಿಸುವ ಮುನ್ನ ಬರಹವನ್ನೆಲ್ಲ ರೇಖಾಕೃತಿಯಾಗಿ ಪರಿವರ್ತಿಸಿ, ತಿದ್ದಲು ಬರುವ ಮೂಲಪ್ರತಿಯನ್ನು ಬೇರೆಯಾಗಿ ಇರಿಸಿಕೊಳ್ಳತಕ್ಕದ್ದು.