ಜಯನಗರದ ಹಿಂದಿರುವ ಮಹಾಯುದ್ಧ

1942ರ ಏಪ್ರಿಲ್‌ನಲ್ಲಿ ವಿಶಾಖಪಟ್ಟಣ, ಕಾಕಿನಾಡಗಳ ಮೇಲೆ ಜಪಾನಿನ ಬಾಂಬುಗಳು ಬಿದ್ದವು. ಬೆಂಗಳೂರಿನ ಮೇಲೆ ಒಂದೂ ಬೀಳಲಿಲ್ಲ. ಹಾಗಾಗಿಯೇ ಎರಡನೇ ಮಹಾಯುದ್ಧಕ್ಕೂ ನಮಗೂ ಸಂಬಂಧವಿಲ್ಲ ಎಂದುಕೊಂಡುಬಿಟ್ಟಿದ್ದೇವೆ. ಆದರೆ ದಕ್ಷಿಣ ಬೆಂಗಳೂರಿನ ತಿಂಡಿಯಲ್ಲೂ ಬಡಾವಣೆಗಳಲ್ಲೂ ಆ ಯುದ್ಧದ ಗುರುತಿದೆ.

ಅದೇ ವರ್ಷದ ಮಾರ್ಚ್‌ನಲ್ಲಿ ರಂಗೂನ್ ಜಪಾನಿನ ವಶವಾಯಿತು. ಬರ್ಮಾದಿಂದ ಹಡಗಿನಲ್ಲಿ ಬರುತ್ತಿದ್ದ ಅಕ್ಕಿ ನಿಂತಿತು. ಅಕ್ಕಿಯಿಲ್ಲದೆ ಇಡ್ಲಿ ಹೇಗೆ? ಲಾಲ್‌ಬಾಗ್ ಆಸುಪಾಸಿನ ಮಾವಳ್ಳಿ ಟಿಫಿನ್ ರೂಮ್‌ನವರು ಆಗ ರವೆಗೆ ಕೈ ಹಾಕಿದೆವೆಂದು ಹೇಳುತ್ತಾ ಬಂದಿದ್ದಾರೆ. ಹುರಿದ ರವೆಗೆ ಮೊಸರು ಕಲಸಿ, ಸಾಸಿವೆ, ಕರಿಬೇವು, ಗೋಡಂಬಿಯ ಒಗ್ಗರಣೆ ಬೆರೆಸಿ ಹಬೆಯಲ್ಲಿ ಬೇಯಿಸಿದರಾಯಿತು. ಅಕ್ಕಿ ನೆನೆಹಾಕಿ ರುಬ್ಬುವ ಗೋಜಿಲ್ಲ. ರವೆ ಇಡ್ಲಿ ಹುಟ್ಟಿದ್ದು ಹೀಗೆ. ಅಕ್ಕಿಯ ಅದೇ ಅಭಾವ, ಆಳುವವರ ನಿರ್ದಯ ನೀತಿಯೊಂದಿಗೆ ಸೇರಿ, 1943ರಲ್ಲಿ ಬಂಗಾಳದ ಲಕ್ಷಾಂತರ ಜನರನ್ನು ಬಲಿ ತೆಗೆದುಕೊಂಡಿತು. ಆ ಮಾತು ಬಿಟ್ಟು ಇಡ್ಲಿಯ ಕಥೆಯನ್ನಷ್ಟೇ ಹೇಳುವುದು ಅನ್ಯಾಯ.

ಇತ್ತ ಊರಿನ ಪೂರ್ವಕ್ಕೆ ಕಾರ್ಖಾನೆಯೊಂದು ಎದ್ದಿತ್ತು. ಉದ್ಯಮಿ ವಾಲ್‌ಚಂದ್ ಹೀರಾಚಂದ್ 1940ರ ಡಿಸೆಂಬರ್‌ನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಸ್ಥಾಪಿಸಿದಾಗ ಮೈಸೂರು ಸರ್ಕಾರ ಬಂಡವಾಳ ಹೂಡಿತು; ದಿವಾನ್ ಮಿರ್ಜಾ ಇಸ್ಮಾಯಿಲ್ ಬೆನ್ನಿಗೆ ನಿಂತರು. 1943ರಲ್ಲಿ ಅಮೆರಿಕದ ವಾಯುಪಡೆಯೇ ಅದನ್ನು ವಹಿಸಿಕೊಂಡಿತು. ಬರ್ಮಾ, ಚೀನಾ ರಣರಂಗಗಳಲ್ಲಿ ಜಖಂಗೊಂಡ ವಿಮಾನಗಳು ರಿಪೇರಿಗೆ ಇಲ್ಲಿಗೆ ಬರತೊಡಗಿದವು. ನೀರಿನ ಮೇಲಿಳಿಯುವ ಕ್ಯಾಟಲಿನಾ ವಿಮಾನಗಳು ಬೆಳ್ಳಂದೂರು ಕೆರೆಗೆ ಬಂದಿಳಿಯುತ್ತಿದ್ದವು. ಹೌದು, ಇವತ್ತು ನೊರೆಗೆ ಹೆಸರಾಗಿರುವ ಅದೇ ಕೆರೆ. ಲೇತ್ ಹಿಡಿದು ಗೊತ್ತಿಲ್ಲದ ಹಳ್ಳಿ ಹುಡುಗರು ಇಲ್ಲಿ ವಿಮಾನದ ಎಂಜಿನ್ ಬಿಚ್ಚಿ ಜೋಡಿಸಲು ಕಲಿತರು. ಬೆಂಗಳೂರಿನ ತಾಂತ್ರಿಕ ಕೌಶಲದ ಬೇರು ಸಾಫ್ಟ್‌ವೇರ್ ಕಂಪನಿಗಳಲ್ಲಿಲ್ಲ, ಈ ಶೆಡ್ಡುಗಳಲ್ಲಿದೆ ಎಂದೇ ನಾನು ನಂಬುತ್ತೇನೆ.

ಕೆಲಸವಿದ್ದಲ್ಲಿಗೆ ಜನ ಬಂದರು. 1941ರಲ್ಲಿ ಸುಮಾರು 4.07 ಲಕ್ಷವಿದ್ದ ನಗರದ ಜನಸಂಖ್ಯೆ 1951ಕ್ಕೆ 7.79 ಲಕ್ಷ ಮುಟ್ಟಿತು. ಯುದ್ಧವೊಂದೇ ಕಾರಣವಲ್ಲ, ಆದರೆ ದೊಡ್ಡ ಕಾರಣ. ಇದ್ದ ಪೇಟೆ, ಬಸವನಗುಡಿ, ಮಲ್ಲೇಶ್ವರಗಳು ಸಾಲದಾದವು. 1945ರಲ್ಲಿ ನಗರಾಭಿವೃದ್ಧಿ ಮಂಡಳಿಯ ಕಾಯಿದೆ ಬಂತು. ಯುದ್ಧ ಮುಗಿದು ಮೂರು ವರ್ಷಕ್ಕೆ, 1948ರ ಆಗಸ್ಟ್ 20ರಂದು, ಗವರ್ನರ್ ಜನರಲ್ ರಾಜಗೋಪಾಲಾಚಾರಿ ದಕ್ಷಿಣದ ಹೊಲ, ತೋಪುಗಳ ನಡುವೆ ಜಯನಗರಕ್ಕೆ ಅಡಿಗಲ್ಲಿಟ್ಟರು. ಬನಶಂಕರಿ, ಜೆ.ಪಿ. ನಗರ, ಬಿಟಿಎಂ ಬಡಾವಣೆಗಳು ಅದರಾಚೆಗೆ ಒಂದೊಂದಾಗಿ ಬೆಳೆದವು.

ಯುದ್ಧಕಾಲದ ರೇಷನ್ ಸಾಲು, ಕಾರ್ಖಾನೆಯ ಸೈರನ್ ಕಂಡುಕೇಳಿದವರಿಗೆ ಈಗ ತೊಂಬತ್ತರ ಆಸುಪಾಸು. ನಿಮ್ಮ ಮನೆಯಲ್ಲಿ ಅಂಥ ಅಜ್ಜ, ಅಜ್ಜಿ ಇದ್ದರೆ ದಯವಿಟ್ಟು ಈ ಭಾನುವಾರವೇ ಕೇಳಿ ಬರೆದಿಟ್ಟುಕೊಳ್ಳಿ.